ಗೋಡೆ ಹೇಳಿದ್ದನ್ನು ಜರ್ಮನರು ನಂಬಿದರೇ?



ಕ್ರಿಸ್ತರಾಜರ ಹಬ್ಬವನ್ನು ಜಗದ್ಗುರು 11ನೇ ಭಕ್ತಿನಾಥರು (ಪಯಸ್) ಸ್ಥಾಪಿಸಿದ್ದು 1925ರ ಡಿಸೆಂಬರ್ ತಿಂಗಳಲ್ಲಿ. ಇಟಲಿಯಲ್ಲಿ ಆಗಲೇ ಮುಸೊಲಿನಿ ಗದ್ದುಗೆ ಏರಿ ಮೂರು ವರ್ಷ ಕಳೆದಿತ್ತು. ಜರ್ಮನಿಯಲ್ಲಿ ಹಿಟ್ಲರ್ ಅದೇ ವರ್ಷ ತನ್ನ ಪುಸ್ತಕದ ಮೊದಲ ಭಾಗವನ್ನು ಹೊರತಂದಿದ್ದ. ಆ ಪುಸ್ತಕದಲ್ಲಿ ಯುದ್ಧಕಾಲದ ಪ್ರಚಾರಕ್ಕೆಂದೇ ಒಂದು ಅಧ್ಯಾಯವಿದೆ. ಅದರ ಸಾರ ಇಷ್ಟು: ಪ್ರಚಾರ ಇರುವುದು ವಿದ್ವಾಂಸರಿಗಾಗಿ ಅಲ್ಲ, ಜನಸಮೂಹಕ್ಕಾಗಿ; ಹೇಳುವ ಮಾತು ಕೆಲವೇ ಇರಬೇಕು, ಅವನ್ನೇ ಮತ್ತೆ ಮತ್ತೆ ಹೇಳಬೇಕು; ಎದುರಾಳಿಯ ಪಕ್ಕದಲ್ಲೂ ಎಳ್ಳಷ್ಟು ನ್ಯಾಯವಿದೆ ಎಂದು ಎಂದಿಗೂ ಒಪ್ಪಿಕೊಳ್ಳಬಾರದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಈ ವಿದ್ಯೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು, ಜರ್ಮನರಿಗೆ ಅದು ಬರಲಿಲ್ಲ ಎಂಬುದು ಅವನ ದೂರು.

ಧರ್ಮೋಪದೇಶದ ತರಗತಿಯಲ್ಲಿ ದೊಡ್ಡ ಮಕ್ಕಳು ನಮ್ಮನ್ನು ಕೇಳುವುದುಂಟು: ಅಷ್ಟು ಓದಿದ ಜನ, ಸಂಗೀತ, ತತ್ವಶಾಸ್ತ್ರ, ವಿಜ್ಞಾನ ಎಲ್ಲದರಲ್ಲೂ ಮುಂದಿದ್ದ ಜನ, ಗೋಡೆಗೆ ಅಂಟಿಸಿದ ಕಾಗದ ನೋಡಿ ಹಾಳಾದರೇ ಫಾದರ್? ಪ್ರಶ್ನೆ ಸಣ್ಣದಲ್ಲ. ಗೋಡೆಬರಹ ನಮಗೂ ಹೊಸದಲ್ಲ. ಇಂಡಿಯಿಂದ ಸಿಂದಗಿಗೆ, ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಹೋಗುವ ದಾರಿಯಲ್ಲಿ ಊರ ಅಂಚಿನ ಮನೆಗಳ ಗೋಡೆ ತುಂಬ ಸಿಮೆಂಟು, ಬೀಜ, ಗೊಬ್ಬರಗಳ ಹೆಸರು. ದಿನಾ ನೋಡುತ್ತೇವೆ, ಓದಿದೆವೆಂಬ ನೆನಪೂ ಇರುವುದಿಲ್ಲ. ಆದರೆ ಅಂಗಡಿಯ ಮುಂದೆ ನಿಂತಾಗ ಬಾಯಿಗೆ ಬರುವುದು ಅದೇ ಹೆಸರು. ಗೋಡೆಯ ಶಕ್ತಿ ಅಲ್ಲಿದೆ. ಅದು ನಮ್ಮೊಂದಿಗೆ ವಾದ ಮಾಡುವುದಿಲ್ಲ, ಅಭ್ಯಾಸ ಮಾಡಿಸುತ್ತದೆ. ಆದರೆ ಈ ಶಕ್ತಿಗೆ ಎಲ್ಲೆಯೂ ಇದೆ. ಜರ್ಮನಿಯ ಇತಿಹಾಸ ನಮಗೆ ಎರಡನ್ನೂ ತೋರಿಸುತ್ತದೆ.

ಮೊದಲ ಮಹಾಯುದ್ಧದಿಂದ ಆರಂಭಿಸೋಣ. 1914ರಿಂದ 1918ರವರೆಗೆ ಜರ್ಮನ್ ಸರ್ಕಾರ ಜನರಿಂದ ಒಂಬತ್ತು ಬಾರಿ ಯುದ್ಧಸಾಲ ಎತ್ತಿತು. 1917ರ ಆರನೆಯ ಸಾಲಕ್ಕಾಗಿ ಫ್ರಿಟ್ಸ್ ಎರ್ಲರ್ ಎಂಬ ಚಿತ್ರಕಾರ ಬರೆದ ಭಿತ್ತಿಚಿತ್ರ ಇಂದಿಗೂ ಪ್ರಸಿದ್ಧ. ಉಕ್ಕಿನ ಶಿರಸ್ತ್ರಾಣ ತೊಟ್ಟ ಸೈನಿಕನೊಬ್ಬ ಮುಳ್ಳುತಂತಿಯ ನಡುವೆ ನಿಂತಿದ್ದಾನೆ. ಎದೆಯ ಮೇಲೆ ವಿಷಾನಿಲದ ಮುಖವಾಡ, ಕಣ್ಣಲ್ಲಿ ವಿಚಿತ್ರ ಹೊಳಪು. ಗೆಲ್ಲಲು ನಮಗೆ ನೆರವಾಗಿ ಎಂಬ ಬೇಡಿಕೆ ಕೆಳಗಿದೆ. ಶತ್ರುವಿನ ಸುದ್ದಿಯಿಲ್ಲ, ಬೈಗುಳವಿಲ್ಲ. ಆ ಮುಖ ನೋಡಿದ ತಾಯಂದಿರಿಗೆ ತಮ್ಮ ಮಗ ಕಂಡ. ಆ ಒಂದು ಸಾಲದಲ್ಲೇ 1,300 ಕೋಟಿಗೂ ಮಿಕ್ಕಿ ಮಾರ್ಕ್ ಸೇರಿತು. ಒಂಬತ್ತೂ ಸೇರಿ ಸುಮಾರು 9,800 ಕೋಟಿ ಮಾರ್ಕ್. ಹಣ ಸಾಲದೆ ಚಿನ್ನ ಕೇಳಿದರು: ಹೆಣ್ಣುಮಕ್ಕಳು ಒಡವೆ ಕೊಟ್ಟು ಕಬ್ಬಿಣದ ಪದಕ ಪಡೆದರು. 1962ರ ಚೀನಾ ಯುದ್ಧದಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಮೈಮೇಲಿನ ಚಿನ್ನ ಬಿಚ್ಚಿ ಕೊಟ್ಟ ನಮ್ಮ ದೇಶದ ತಾಯಂದಿರಿಗೆ ಈ ಮಾತು ವಿವರಿಸಿ ಹೇಳಬೇಕಾಗಿಲ್ಲ. ಮುಂದೆ ಹಣ್ಣಿನ ಗೊರಟೆ ಕೂಡಿಸಿ ಕೊಡಿರೆಂಬ ಭಿತ್ತಿಚಿತ್ರ ಬಂತು, ಎಣ್ಣೆ ತೆಗೆಯಲು. ಕೊನೆಗೆ ಹೆಂಗಸರ ತಲೆಗೂದಲನ್ನೂ ಕೇಳಿದರು.

ಆದರೆ 1916-17ರ ಚಳಿಗಾಲದಲ್ಲಿ ಆಲೂಗಡ್ಡೆ ಬೆಳೆ ಕೆಟ್ಟು, ದನಕ್ಕೆ ಹಾಕುವ ಟರ್ನಿಪ್ ಗಡ್ಡೆಯನ್ನು ಜನ ತಿನ್ನಬೇಕಾಗಿ ಬಂದಾಗ ಗೋಡೆಯ ಬಣ್ಣಕ್ಕೆ ಕೆಲಸ ಕಡಿಮೆಯಾಯಿತು. ಹಸಿದ ಹೊಟ್ಟೆ ಎಲ್ಲ ಕಾಲಕ್ಕೂ ಒಳ್ಳೆಯ ಓದುಗ. ರೊಟ್ಟಿಯ ಸಾಲಿನಲ್ಲಿ ನಿಂತ ಹೆಂಗಸಿಗೆ ಗೆಲುವು ಹತ್ತಿರವಿದೆ ಎಂದು ಯಾವ ಚಿತ್ರವೂ ಒಪ್ಪಿಸಲಾರದು. 1918ರಲ್ಲಿ ಸೈನ್ಯ ಸೋತಿತು, 1923ರ ಹಣದುಬ್ಬರದಲ್ಲಿ ಆ ಸಾಲಪತ್ರಗಳೆಲ್ಲ ಒಲೆಗೆ ಹಾಕುವ ಕಾಗದವಾದವು. ಭಿತ್ತಿಚಿತ್ರ ನಂಬಿ ಜೀವಮಾನದ ಉಳಿತಾಯ ಕೊಟ್ಟವರೇ ಹೆಚ್ಚು ಕೆಟ್ಟರು. ಅವರ ಸಿಟ್ಟು ಸುಳ್ಳು ಹೇಳಿದವರ ಮೇಲೆ ತಿರುಗಬೇಕಿತ್ತು. ತಿರುಗಿದ್ದು ಬೇರೆ ಕಡೆಗೆ, ಅದನ್ನು ಮುಂದೆ ನೋಡುವೆವು.

ಆ ಯುದ್ಧದ ಬಿಸಿ ನಮ್ಮ ನೆಲಕ್ಕೂ ತಟ್ಟಿತ್ತು. ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1886ರಲ್ಲಿ ಸ್ಥಾಪನೆಯಾದ ಪುಣೆ ಧರ್ಮಪ್ರಾಂತ್ಯದಲ್ಲಿ ದುಡಿಯುತ್ತಿದ್ದವರು ಜರ್ಮನ್ ಯೇಸುಸಭೆಯ ಗುರುಗಳು. ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ 1885ರಲ್ಲಿ ವಿಜಾಪುರದಲ್ಲೇ ನೆಲೆ ಮಾಡಿತ್ತು. ಮಂಗಳೂರಿನ ಅದೇ ಮಿಶನ್ನಿನ ಅಚ್ಚುಕೂಟದಿಂದ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದದ್ದು ಕನ್ನಡಿಗರಿಗೆಲ್ಲ ಗೊತ್ತು. 1914ರ ಆಗಸ್ಟ್ ಬಂತು, ಕನ್ನಡ ಮರಾಠಿ ಕಲಿತು ನಮ್ಮ ಜನರ ನಡುವೆ ಬಾಳಿದ ಇವರು ಒಂದೇ ದಿನದಲ್ಲಿ ಶತ್ರುಗಳಾದರು. ಅನೇಕರನ್ನು ಅಹಮದ್‌ನಗರದ (ಈಗಿನ ಅಹಿಲ್ಯಾನಗರದ) ಬಂಧನ ಶಿಬಿರದಲ್ಲಿಟ್ಟು, 1915 ಮತ್ತು 1916ರಲ್ಲಿ ಗೋಲ್ಕೊಂಡ ಎಂಬ ಹಡಗಿನಲ್ಲಿ ಯುರೋಪಿಗೆ ಸಾಗಹಾಕಿದರು. ಪುಣೆಯ ಧರ್ಮಾಧ್ಯಕ್ಷ ಹೈನ್ರಿಕ್ ಡ್ಯೋರಿಂಗ್ ಅವರಿಗೆ ತಮ್ಮ ಪೀಠಕ್ಕೆ ಮರಳಲು ಆಗಲಿಲ್ಲ. 1921ರಲ್ಲಿ ಅವರನ್ನು ಜಪಾನಿನ ಹಿರೋಶಿಮಾಕ್ಕೆ ಕಳುಹಿಸಲಾಯಿತು, ಪುಣೆಗೆ ಅವರು ಮರಳಿದ್ದು 1927ರಲ್ಲಿ. ಬ್ರಿಟಿಷರ ಗೋಡೆಗಳ ಮೇಲೆ ಆ ವರ್ಷಗಳಲ್ಲಿ ಜರ್ಮನ್ ಎಂದರೆ ಹೂಣ, ರಾಕ್ಷಸ. ಸತ್ತ ಸೈನಿಕರ ಹೆಣ ಬೇಯಿಸಿ ಕೊಬ್ಬು ತೆಗೆಯುವ ಕಾರ್ಖಾನೆ ಜರ್ಮನಿಯಲ್ಲಿದೆ ಎಂದು 1917ರಲ್ಲಿ ಲಂಡನ್ ಪತ್ರಿಕೆಗಳು ಬರೆದವು. ಅದು ಸುಳ್ಳೆಂದು 1925ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲೇ ಒಪ್ಪಿಕೊಳ್ಳಬೇಕಾಯಿತು. ಇದರ ಫಲ ಬಹಳ ಕಹಿಯಾದದ್ದು. ಎರಡನೆಯ ಯುದ್ಧದಲ್ಲಿ ಪೋಲೆಂಡಿನಿಂದ ನಿಜವಾದ ಕೊಲೆಗಳ ಸುದ್ದಿ ಬಂದಾಗ, ಇದೂ ಆ ಹೆಣದ ಕಾರ್ಖಾನೆಯ ಕಥೆಯಂಥದೇ ಇರಬೇಕು ಎಂದು ಕೈಬಿಟ್ಟವರು ಇದ್ದರು.

ಈಗ 1932ಕ್ಕೆ ಬರೋಣ. ಜರ್ಮನಿಯಲ್ಲಿ 60 ಲಕ್ಷ ಜನ ನಿರುದ್ಯೋಗಿಗಳು. ನಾಜಿ ಪಕ್ಷದ ಚಿತ್ರಕಾರ ಹ್ಯಾನ್ಸ್ ಶ್ವೈಟ್ಸರ್, 'ಮ್ಯೋಲ್ನಿರ್' ಎಂಬ ಗುಪ್ತನಾಮದವನು, ಒಂದು ಭಿತ್ತಿಚಿತ್ರ ಬರೆದ. ಗುಂಪುಗುಂಪಾಗಿ ಸೊರಗಿದ ಮುಖಗಳು, ಕುಗ್ಗಿದ ಕಣ್ಣುಗಳು, ಹರಿದ ಬಟ್ಟೆ. ನಮ್ಮ ಕೊನೆಯ ಆಸೆ ಹಿಟ್ಲರ್ ಎಂಬ ಒಕ್ಕಣೆ. ಇದರಲ್ಲೂ ದ್ವೇಷದ ಗುರುತಿಲ್ಲ ಎಂಬುದನ್ನು ಗಮನಿಸಬೇಕು. ಮತ ಕೇಳುವಾಗ ಮುಂದೆ ಇಟ್ಟದ್ದು ಜನರ ಸಂಕಟವನ್ನು, ಯೆಹೂದ್ಯರ ಮೇಲಿನ ಹಗೆ ಅದರ ಬೆನ್ನಿಗೆ ಬಂತು. ಆ ವರ್ಷದ ಜುಲೈ ಚುನಾವಣೆಯಲ್ಲಿ ಪಕ್ಷಕ್ಕೆ 37.3 ಶೇಕಡಾ ಮತ ಬಿತ್ತು, ನವೆಂಬರಿನಲ್ಲಿ 33.1ಕ್ಕೆ ಇಳಿಯಿತು. ಅಂದರೆ ಮುಕ್ತವಾಗಿ ಮತ ಹಾಕುವ ಅವಕಾಶ ಇದ್ದಾಗ ಜರ್ಮನರಲ್ಲಿ ಹೆಚ್ಚಿನವರು ಅವನಿಗೆ ಮತ ಹಾಕಲಿಲ್ಲ.

ಕಥೋಲಿಕರು ಹೆಚ್ಚಾಗಿದ್ದ ಪ್ರದೇಶಗಳಲ್ಲಿ ನಾಜಿಗಳಿಗೆ ಬಿದ್ದ ಮತ ಇನ್ನೂ ಕಡಿಮೆ. ನಾವು ಹೆಮ್ಮೆಪಡುವ ಮೊದಲು ಕಾರಣ ನೋಡೋಣ. ಆ ಊರುಗಳಲ್ಲಿ ಸೆಂಟರ್ ಪಕ್ಷ ಎಂಬ ಕಥೋಲಿಕರದೇ ಪಕ್ಷವಿತ್ತು, ಅವರದೇ ದಿನಪತ್ರಿಕೆ, ಅವರದೇ ಕೂಲಿಕಾರರ ಸಂಘ, ಯುವಕ ಸಂಘ ಇದ್ದವು. ಧರ್ಮಾಧ್ಯಕ್ಷರು ನಾಜಿ ಪಕ್ಷ ಸೇರಬಾರದೆಂದು ನಿಷೇಧಿಸಿದ್ದರು. ಗೋಡೆ ಒಂದು ಮಾತು ಹೇಳಿದರೆ ಅದಕ್ಕೆ ಎದುರು ಹೇಳುವವರು ಓಣಿಯಲ್ಲೇ ಇದ್ದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಎರಡೇ ತಿಂಗಳಿಗೆ ಧರ್ಮಾಧ್ಯಕ್ಷರ ನಿಷೇಧ ಹಿಂದೆಗೆಯಲಾಯಿತು. ಜುಲೈ 5ರಂದು ಸೆಂಟರ್ ಪಕ್ಷ ತನ್ನನ್ನು ತಾನೇ ವಿಸರ್ಜಿಸಿತು, ಜುಲೈ 20ರಂದು ವ್ಯಾಟಿಕನ್ ಜೊತೆ ಒಪ್ಪಂದವಾಯಿತು. ಪತ್ರಿಕೆಗಳು, ಸಂಘಗಳು ಒಂದೊಂದಾಗಿ ಮುಚ್ಚಿದವು. ಎದುರು ಮಾತಾಡುವ ಬಾಯಿಗಳು ಮುಚ್ಚಿದ ಮೇಲೆ ಊರಲ್ಲಿ ಉಳಿದದ್ದು ಗೋಡೆಯ ಮಾತು ಮತ್ತು ಅಗ್ಗದ ರೇಡಿಯೋ.

ಗೆಬೆಲ್ಸ್‌ನ ಪ್ರಚಾರ ಮಂತ್ರಾಲಯದ ಕೆಲಸಗಳನ್ನು ಉದ್ದಕ್ಕೆ ಹೇಳುವ ಅಗತ್ಯ ಕಾಣದು. ಒಂದನ್ನು ಮಾತ್ರ ಹೇಳುವೆವು. 1936ರಿಂದ 1943ರವರೆಗೆ ಪಕ್ಷವು 'ವಾರದ ಮಾತು' ಎಂಬ ಅರ್ಥ ಬರುವ ಗೋಡೆಪತ್ರಿಕೆಯನ್ನು ಪ್ರತಿ ವಾರ ಹೊರಡಿಸಿತು. ರೈಲು ನಿಲ್ದಾಣ, ಅಂಚೆ ಕಚೇರಿ, ಕಾರ್ಖಾನೆ, ಆಸ್ಪತ್ರೆಯಲ್ಲಿ ಕಾಯುವ ಜಾಗ, ಎಲ್ಲೆಂದರಲ್ಲಿ ಅದು ಇರುತ್ತಿತ್ತು. ಪತ್ರಿಕೆ ಬೇಡವೆಂದರೆ ಕೊಳ್ಳದೆ ಇರಬಹುದು, ರೇಡಿಯೋ ಆರಿಸಬಹುದು. ಡಾಕ್ಟರರಿಗಾಗಿ ಕಾಯುತ್ತ ಕುಳಿತವನು ಎದುರಿನ ಗೋಡೆಯನ್ನು ನೋಡದೆ ಇರಲಾರ. ಯುದ್ಧ ನಡೆದ ವರ್ಷಗಳಲ್ಲಿ ಇದರ ಮುಖ್ಯ ಮಾತು ಒಂದೇ ಆಯಿತು: ಈ ಯುದ್ಧ ಹೂಡಿದವನು ಯೆಹೂದ್ಯ. ಇಂಗ್ಲೆಂಡ್, ಅಮೆರಿಕ, ರಷ್ಯಾ ಬಾವುಟಗಳ ಪರದೆಯ ಹಿಂದೆ ಅವಿತು ನಿಂತ ದಪ್ಪ ಮನುಷ್ಯನೊಬ್ಬನ ಚಿತ್ರ ಆ ಕಾಲದ್ದೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. 1933ರಲ್ಲಿ ಜರ್ಮನಿಯ ಆರೂವರೆ ಕೋಟಿ ಜನರಲ್ಲಿ ಯೆಹೂದ್ಯರು ಸುಮಾರು 5 ಲಕ್ಷ, ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಎಷ್ಟೋ ಜರ್ಮನರು ಜೀವನದಲ್ಲಿ ಒಬ್ಬ ಯೆಹೂದ್ಯನೊಂದಿಗೂ ಮಾತಾಡಿರಲಿಲ್ಲ. ಅಂಥವರಿಗೆ ಗೋಡೆಯ ಮೇಲಿನ ಯೆಹೂದ್ಯನೇ ಪರಿಚಯದ ಯೆಹೂದ್ಯ. ಬವೇರಿಯದ ಹಳ್ಳಿಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ದನದ ವ್ಯಾಪಾರ ಬಹುಪಾಲು ಯೆಹೂದ್ಯರ ಕೈಯಲ್ಲಿತ್ತು. ಯೆಹೂದ್ಯರ ಅಂಗಡಿಗೆ ಹೋಗಬೇಡಿರೆಂದು 1933ರ ಏಪ್ರಿಲ್ 1ರಿಂದಲೇ ಭಿತ್ತಿಪತ್ರ ಹಚ್ಚಿದರೂ ಕಥೋಲಿಕ ರೈತರು ವರ್ಷಗಟ್ಟಲೆ ಅವರಿಗೇ ದನ ಮಾರಿದರು. ಅವರು ಒಳ್ಳೆಯ ಬೆಲೆ ಕೊಡುತ್ತಿದ್ದರು, ಉದ್ರಿಗೂ ಕೊಡುತ್ತಿದ್ದರು. ದನದ ಸಂತೆ ಬಲ್ಲ ನಮ್ಮ ಓದುಗರಿಗೆ ಈ ಲೆಕ್ಕ ಗೊತ್ತು. ಕೈಯಲ್ಲಿ ಕಾಸು ಬಿದ್ದಾಗ ಗೋಡೆಯ ಮಾತು ಕಿವಿಗೆ ಬೀಳಲಿಲ್ಲ. ಆದರೆ ಇದು ಪ್ರೀತಿಯಲ್ಲ, ವ್ಯವಹಾರ. ಕಾನೂನು ಬಂದು ಆ ವ್ಯಾಪಾರಿಗಳನ್ನು ಹೊರದಬ್ಬಿದ ಮೇಲೆ, ಅವರ ಮನೆಗಳು ಖಾಲಿಯಾದ ಮೇಲೆ, ಅವರು ಎಲ್ಲಿಗೆ ಹೋದರೆಂದು ಕೇಳಿದವರು ವಿರಳ.

ಪ್ರಚಾರ ಎಲ್ಲಿ ಹತ್ತಿತು, ಎಲ್ಲಿ ಹತ್ತಲಿಲ್ಲ ಎಂದು ಇತ್ತೀಚಿನ ವರ್ಷಗಳಲ್ಲಿ ವಿದ್ವಾಂಸರು ಅಳೆದು ನೋಡಿದ್ದಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಾಜಿ ರೇಡಿಯೋ ಕುರಿತದ್ದು. ಹಿಂದಿನಿಂದಲೂ ಯೆಹೂದ್ಯದ್ವೇಷ ಬೇರೂರಿದ್ದ ಊರುಗಳಲ್ಲಿ ಆ ರೇಡಿಯೋ ದ್ವೇಷವನ್ನು ಹೆಚ್ಚಿಸಿತು, ಅಂಥ ಹಗೆ ಇಲ್ಲದ ಊರುಗಳಲ್ಲಿ ಅದು ತಿರುಗುಬಾಣವೂ ಆಯಿತು ಎಂದು ಅದು ತೋರಿಸಿದೆ. ಇನ್ನೊಂದು ಅಧ್ಯಯನ 2012ರದು. 1348-50ರ ಮಹಾಮಾರಿಯ ಕಾಲದಲ್ಲಿ, ಬಾವಿಗೆ ವಿಷ ಹಾಕಿದರೆಂಬ ಸುಳ್ಳು ಆರೋಪದ ಮೇಲೆ ಯೆಹೂದ್ಯರನ್ನು ಕೊಂದ ಊರುಗಳಲ್ಲೇ, ಆರುನೂರು ವರ್ಷಗಳ ನಂತರವೂ ನಾಜಿಗಳಿಗೆ ಹೆಚ್ಚು ಬೆಂಬಲ ಸಿಕ್ಕಿತು. ಡೋಣಿ ಸಾಲಿನ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ರೈತ ಮೊದಲು ಮಣ್ಣು ಹಿಡಿಯಲ್ಲಿ ಹಿಚುಕಿ ಹಸಿ ನೋಡುತ್ತಾನೆ. ಹಸಿ ಇದ್ದರೆ ಬೀಜ, ಇಲ್ಲದಿದ್ದರೆ ಬೀಜ ದಂಡ. ಬಿತ್ತುವವನ ದೃಷ್ಟಾಂತದಲ್ಲಿ ಪ್ರಭು ಹೇಳಿದ ನೆಲದ ಮಾತು ಶುಭಸಂದೇಶದ ಬೀಜಕ್ಕೆ ಮಾತ್ರ ಅನ್ವಯಿಸುವುದಲ್ಲ, ಕಳೆಬೀಜಕ್ಕೂ ಅನ್ವಯಿಸುತ್ತದೆ.

ಜರ್ಮನಿಯ ನೆಲದಲ್ಲಿ ಆ ಹಸಿ ಎಲ್ಲಿಂದ ಬಂತು? ಇದರಲ್ಲಿ ನಮ್ಮ ಧರ್ಮಸಭೆಯ ಪಾಲೂ ಇದೆ, ಮುಚ್ಚಿಟ್ಟು ಫಲವಿಲ್ಲ. ಕ್ರಿಸ್ತರನ್ನು ಕೊಂದ ಜನ ಎಂಬ ಮಾತನ್ನು ಶತಮಾನಗಳ ಕಾಲ ಪ್ರಬೋಧನೆಗಳಲ್ಲಿ, ನಾಟಕಗಳಲ್ಲಿ, ಚಿತ್ರಗಳಲ್ಲಿ ಕೇಳಿ ಬೆಳೆದ ಜನ ಅವರು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ ಅಂಟಿಸಿದ್ದ ನಂಬಿಕೆಗೇಡಿಗಳೆಂಬ ವಿಶೇಷಣವನ್ನು 23ನೇ ಯೊವಾನ್ನರು ತೆಗೆದದ್ದು 1959ರಲ್ಲಿ. ಆ ಆರೋಪವನ್ನು ಎರಡನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ತಳ್ಳಿಹಾಕಿದ್ದು 1965ರಲ್ಲಿ. ಮ್ಯೋಲ್ನಿರ್ ಗೋಡೆಗೆ ಬಳಿದ ಬಣ್ಣ ಹೊಸದು, ಅದರ ಕೆಳಗಿನ ಗಾರೆ ಹಳೆಯದು.

ಇದು ದೂರದ ಮಾತೆಂದು ತಿಳಿಯಬೇಡಿ. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದ ಯುವಕನೊಬ್ಬನನ್ನು ಜನರ ಗುಂಪು ಹೊಡೆದು ಕೊಂದಿತು. ಅವನ ಜೊತೆಗಿದ್ದವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿತು. ಆ ವರ್ಷ ಅಂಥ ಸಂದೇಶಗಳು ಮೊದಲೇ ತಿಂಗಳುಗಟ್ಟಲೆ ಹರಿದಾಡಿದ್ದವು. ಭಯದ ಹಸಿ ನೆಲದಲ್ಲಿ ಆಗಲೇ ಇತ್ತು.

ಜರ್ಮನಿಗೆ ಮರಳೋಣ. 1930ರ ದಶಕದ ಕೊನೆಯಲ್ಲಿ ಅಲ್ಲಿ ಹೊರಬಂದ ಒಂದು ಭಿತ್ತಿಚಿತ್ರ ನೋಡಲು ಬಹಳ ಸೌಮ್ಯ. ಕುರ್ಚಿಯಲ್ಲಿ ಕುಳಿತ ಅಂಗವಿಕಲ ವ್ಯಕ್ತಿ. ಹಿಂದೆ ಬಿಳಿಯಂಗಿಯ ಆರೈಕೆದಾರ ನಿಂತಿದ್ದಾನೆ. ಈ ರೋಗಿಗೆ ಅವನ ಜೀವಮಾನದಲ್ಲಿ ಸಮಾಜ 60,000 ಮಾರ್ಕ್ ಖರ್ಚು ಮಾಡಬೇಕು, ಅದು ನಿನ್ನ ಹಣವೂ ಹೌದು ಎಂಬುದು ಅದರ ತಾತ್ಪರ್ಯ. ಶಾಲೆಯ ಗಣಿತ ಪುಸ್ತಕಗಳಲ್ಲೂ ಇಂಥ ಲೆಕ್ಕಗಳಿದ್ದವು. ಕೊಲ್ಲಿರಿ ಎಂದು ಎಲ್ಲೂ ಬರೆದಿರಲಿಲ್ಲ, ಕೂಡಿಸಿ ಕಳೆಯುವುದನ್ನು ಮಾತ್ರ ಕಲಿಸಿದರು. ಉಳಿದದ್ದನ್ನು ಸರ್ಕಾರ ಗುಟ್ಟಾಗಿ ಮಾಡಿತು. 1940ರ ಆರಂಭದಿಂದ 1941ರ ಆಗಸ್ಟ್‌ವರೆಗೆ ಆರು ಕೇಂದ್ರಗಳಲ್ಲಿ 70,000ಕ್ಕೂ ಹೆಚ್ಚು ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ವಿಷಾನಿಲದಿಂದ ಕೊಂದರು.

ಆದರೆ ಇಲ್ಲಿ ಗೋಡೆ ಸೋತಿತು. ಏಕೆಂದರೆ ಈ ರೋಗಿಗಳಿಗೆ ಅಪ್ಪ ಅಮ್ಮ ಇದ್ದರು. ಅಪೆಂಡಿಕ್ಸ್ ಉರಿಯೂತದಿಂದ ಮಗ ತೀರಿಕೊಂಡನೆಂದು ಪತ್ರ ಬರುತ್ತಿತ್ತು; ಅವನ ಅಪೆಂಡಿಕ್ಸ್ ತೆಗೆದು ಹತ್ತು ವರ್ಷವಾಗಿರುತ್ತಿತ್ತು. ಹಡಮಾರ್ ಊರಿನವರು ಕಿಟಕಿಗೆ ಬಣ್ಣ ಬಳಿದ ಬಸ್ಸುಗಳು ಬರುವುದನ್ನೂ ಚಿಮಣಿಯ ಹೊಗೆಯನ್ನೂ ಕಣ್ಣಾರೆ ಕಂಡರು. ಜನರಿಗೆ ತಮ್ಮದೇ ತಿಳುವಳಿಕೆ ಇತ್ತು. ಅದಕ್ಕೆ ಒಂದು ಬಾಯಿ ಬೇಕಾಗಿತ್ತು. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರ್ ನಗರದ ಸಂತ ಲಾಂಬರ್ಟ್ ದೇವಾಲಯದ ಪೀಠದಿಂದ ಧರ್ಮಾಧ್ಯಕ್ಷ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ಅದನ್ನು ಕೊಲೆಯೆಂದೇ ಕರೆದರು. ತಾವು ಪೊಲೀಸರಿಗೆ ಕೊಟ್ಟ ದೂರನ್ನು ಪ್ರಬೋಧನೆಯಲ್ಲೇ ತಿಳಿಸಿದರು. ದುಡಿಯಲಾರದವರನ್ನು ಕೊಲ್ಲಬಹುದಾದರೆ ನಾಳೆ ಗಾಯಗೊಂಡು ಮರಳುವ ಸೈನಿಕನಿಗೆ, ಮುದುಕರಾಗುವ ನಮಗೆಲ್ಲರಿಗೆ ಏನು ಗತಿ ಎಂದು ಕೇಳಿದರು. ಅಂದರೆ ಗೋಡೆ ಕಲಿಸಿದ ಲೆಕ್ಕವನ್ನೇ ಕೊನೆಯವರೆಗೆ ಮಾಡಿ ತೋರಿಸಿದರು. ಕೈಬರಹದಲ್ಲಿ, ಟೈಪ್ ಮಾಡಿದ ಹಾಳೆಗಳಲ್ಲಿ ಆ ಪ್ರಬೋಧನೆ ದೇಶವೆಲ್ಲ ಹರಡಿತು, ಬ್ರಿಟಿಷ್ ವಿಮಾನಗಳು ಅದನ್ನು ಕರಪತ್ರವಾಗಿ ಸುರಿದವು. ಗಾಲೆನ್ನರನ್ನು ಗಲ್ಲಿಗೇರಿಸಬೇಕೆಂಬ ಮಾತು ಪಕ್ಷದಲ್ಲಿ ಎದ್ದಿತು. ಅವರನ್ನು ಮುಟ್ಟಿದರೆ ಯುದ್ಧ ಮುಗಿಯುವವರೆಗೆ ಇಡೀ ವೆಸ್ಟ್‌ಫಾಲಿಯಾ ಕೈಬಿಟ್ಟು ಹೋಗುತ್ತದೆಂದು ಗೆಬೆಲ್ಸ್ ಹೆದರಿದ. ಆಗಸ್ಟ್ 24ರಂದು ಹಿಟ್ಲರ್ ಆ ಕೇಂದ್ರಗಳ ಕೆಲಸ ನಿಲ್ಲಿಸಲು ಹೇಳಿದ. ಉಪವಾಸ ಕೆಡವಿ, ಔಷಧಿ ಕೊಟ್ಟು ಕೊಲ್ಲುವುದು ಆಸ್ಪತ್ರೆಗಳಲ್ಲಿ 1945ರವರೆಗೂ ಗುಟ್ಟಾಗಿ ಮುಂದುವರಿಯಿತು ಎಂಬುದನ್ನೂ ಹೇಳಬೇಕು. ಪ್ರಬೋಧನೆ ಹಂಚಿದವರಿಗೆ ಧರ್ಮಾಧ್ಯಕ್ಷರಿಗಿದ್ದ ರಕ್ಷಣೆ ಇರಲಿಲ್ಲ. ಲ್ಯೂಬೆಕ್ ನಗರದ ಮೂವರು ಕಥೋಲಿಕ ಗುರುಗಳನ್ನೂ ಒಬ್ಬ ಲೂಥರನ್ ಪಾಸ್ಟರನ್ನೂ 1943ರ ನವೆಂಬರ್ 10ರಂದು ತಲೆ ಕಡಿದು ಕೊಂದರು.

ಅದೇ ವರ್ಷ ಬವೇರಿಯದ ಶಾಲೆಗಳಿಂದ ಶಿಲುಬೆ ತೆಗೆಯಲು ಮಂತ್ರಿ ಅಡಾಲ್ಫ್ ವಾಗ್ನರ್ ಆಜ್ಞೆ ಹೊರಡಿಸಿದ್ದ. ಹಳ್ಳಿಯ ತಾಯಂದಿರು ಶಾಲೆಗೆ ನುಗ್ಗಿದರು, ಮಕ್ಕಳನ್ನು ಕಳಿಸುವುದಿಲ್ಲವೆಂದರು, ಗಂಡಂದಿರು ರಣರಂಗದಿಂದ ಸಿಟ್ಟಿನ ಪತ್ರ ಬರೆದರು. ಆಗಸ್ಟ್ ಕೊನೆಯಲ್ಲಿ ಆಜ್ಞೆ ಹಿಂದೆಗೆದುಕೊಳ್ಳಬೇಕಾಯಿತು. ಎಂಟು ವರ್ಷ ಪ್ರಚಾರ ನುಂಗಿದ ಜನ, ಯುದ್ಧದ ನಡುವೆ, ಸರ್ವಾಧಿಕಾರಿಯ ಸರ್ಕಾರವನ್ನು ಹಿಂದೆ ಸರಿಸಿದರು! ಜರ್ಮನರು ಹೆದರಿ ಬಾಯಿ ಮುಚ್ಚಿದರು, ಏನೂ ಮಾಡುವಂತಿರಲಿಲ್ಲ ಎಂದು ಹೇಳುವವರಿಗೆ ಈ ಎರಡು ಘಟನೆಗಳು ಉತ್ತರ.

ಆದರೆ ಈ ಉತ್ತರ ನಮ್ಮತ್ತಲೂ ತಿರುಗುತ್ತದೆ. ಸೆಪ್ಟೆಂಬರಿನಲ್ಲಿ ಯೆಹೂದ್ಯರು ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕೆಂಬ ಆಜ್ಞೆ ಬಂತು. ಡಿಸೆಂಬರ್ 13ರಂದು ಗಾಲೆನ್ನರ ಮ್ಯೂನ್‌ಸ್ಟರಿನಿಂದಲೇ ಯೆಹೂದ್ಯರನ್ನು ತುಂಬಿಕೊಂಡು ಮೊದಲ ರೈಲು ರೀಗಾ ಕಡೆಗೆ ಹೊರಟಿತು. ಆ ಪೀಠದಿಂದ ಅದರ ಬಗ್ಗೆ ಮಾತು ಬರಲಿಲ್ಲ. ಶಿಲುಬೆಗಾಗಿ ಬೀದಿಗಿಳಿದ ತಾಯಂದಿರೂ ಇಳಿಯಲಿಲ್ಲ. ಶಿಲುಬೆ ನಮ್ಮದು, ಅಂಗವಿಕಲ ಮಗ ನಮ್ಮವನು. ಆ ರೈಲಿನಲ್ಲಿ ಹೋದವರು ನಮ್ಮವರಲ್ಲ. ಈ ಒಂದು ಗೆರೆಯನ್ನು ಜನರ ಮನಸ್ಸಿನಲ್ಲಿ ಎಳೆದದ್ದೇ ಭಿತ್ತಿಚಿತ್ರಗಳ ನಿಜವಾದ ಗೆಲುವು ಎಂದು ನಮಗೆ ತೋರುತ್ತದೆ. ಎಲ್ಲರನ್ನೂ ದ್ವೇಷಿಗಳಾಗಿ ಮಾಡಲು ಅವಕ್ಕೆ ಆಗಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ಅವರ ಪಾಡು ನಮ್ಮ ಪಾಡಲ್ಲ ಎಂದು ಅನ್ನಿಸಿದರೆ ಸಾಕಾಗಿತ್ತು.

ಜನರಿಗೆ ಗೊತ್ತಿರಲಿಲ್ಲವೇ? ಮನೆಮನೆಯ ಮಾತು ಕದ್ದು ಕೇಳಿ ಬರ್ಲಿನಿಗೆ ವರದಿ ಕಳುಹಿಸುವ ಎಸ್.ಡಿ. ಎಂಬ ಗುಪ್ತಚರ ವಿಭಾಗವಿತ್ತು. ಅದರ ವರದಿಗಳು ಉಳಿದುಬಂದಿವೆ. 1943ರ ಏಪ್ರಿಲಿನಲ್ಲಿ, ರಷ್ಯನ್ನರು ಕಾಟಿನ್ ಕಾಡಿನಲ್ಲಿ ಪೋಲಿಷ್ ಅಧಿಕಾರಿಗಳನ್ನು ಕೊಂದು ಹೂತದ್ದನ್ನು ಗೆಬೆಲ್ಸ್ ಭಾರಿ ಪ್ರಚಾರ ಮಾಡಿದ. ಅದು ನಿಜವಾದ ಸುದ್ದಿಯೇ. ಆದರೆ ನಮ್ಮವರು ಇನ್ನೂ ಹೆಚ್ಚು ಪೋಲರನ್ನೂ ಯೆಹೂದ್ಯರನ್ನೂ ಕೊಂದಿರುವಾಗ ನಮಗೆ ಸಿಟ್ಟು ಮಾಡಿಕೊಳ್ಳುವ ಹಕ್ಕೆಲ್ಲಿದೆ ಎಂದು ಜನ ಆಡಿಕೊಳ್ಳುತ್ತಿದ್ದಾರೆಂದು ಆ ವರದಿಗಳೇ ಬರೆದಿವೆ. ಸ್ಟಾಲಿನ್‌ಗ್ರಾಡ್ ಸೋತ ಮೇಲೆ ಗೆಲುವಿನ ಭಿತ್ತಿಚಿತ್ರಗಳನ್ನು ನಂಬುವವರು ಕಡಿಮೆಯಾದರು. ಭಯ ಹುಟ್ಟಿಸುವ ಚಿತ್ರಗಳು ಮಾತ್ರ ಕೊನೆಯವರೆಗೂ ನಡೆದವು.

1945ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು, ಗೋಡೆಗಳೇ ಉರುಳಿದ್ದವು. ಅಮೆರಿಕನ್ನರು ತಮ್ಮ ವಶದ ಭಾಗದಲ್ಲಿ ಜನರ ಅಭಿಪ್ರಾಯ ಕೇಳುತ್ತ ಹೋದರು. ನಾಜಿವಾದ ಒಳ್ಳೆಯ ವಿಚಾರ, ಜಾರಿಗೆ ತಂದ ರೀತಿ ಸರಿಯಿರಲಿಲ್ಲ ಎಂದವರು 1946ರ ಕೊನೆಯವರೆಗಿನ ಸಮೀಕ್ಷೆಗಳಲ್ಲಿ ಸರಾಸರಿ ನೂರಕ್ಕೆ 47. ಅರ್ಧ ಶತಮಾನ ಕಳೆದು 1996 ಮತ್ತು 2006ರಲ್ಲಿ ನಡೆದ ಸಮೀಕ್ಷೆಗಳನ್ನು ಪರಿಶೀಲಿಸಿದವರು, 1930ರ ದಶಕದಲ್ಲಿ ಹುಟ್ಟಿ ಆ ಶಾಲೆಗಳಲ್ಲಿ ಓದಿದವರಲ್ಲಿ ಯೆಹೂದ್ಯದ್ವೇಷ ಅವರ ಹಿಂದಿನವರಿಗಿಂತಲೂ ಮುಂದಿನವರಿಗಿಂತಲೂ ಹೆಚ್ಚಾಗಿತ್ತೆಂದು ಕಂಡುಕೊಂಡರು. ದೊಡ್ಡವರು ಗೋಡೆಯನ್ನು ಅರ್ಧ ನಂಬಿದರು, ಮಕ್ಕಳು ಪೂರ್ತಿ ನಂಬಿದರು.

ಇನ್ನು ಒಂದು ಹಾಳೆಯ ವಿಷಯ ಉಳಿದಿದೆ. ಬರ್ಲಿನಿನ ಸಂತ ಹೆಡ್ವಿಗ್ ಪ್ರಧಾನಾಲಯದ ಗುರು ಬರ್ನ್‌ಹಾರ್ಡ್ ಲಿಖ್ಟೆನ್‌ಬರ್ಗ್ 1938ರ ನವೆಂಬರಿನಿಂದ, ಯೆಹೂದ್ಯರ ಪ್ರಾರ್ಥನಾಮಂದಿರಗಳನ್ನು ಸುಟ್ಟಂದಿನಿಂದ, ಸಂಜೆಯ ಪ್ರಾರ್ಥನೆಯಲ್ಲಿ ಯೆಹೂದ್ಯರಿಗಾಗಿ ಬಹಿರಂಗವಾಗಿ ಬೇಡುತ್ತಿದ್ದರು. 1941ರ ಆಗಸ್ಟಿನಲ್ಲಿ ಅದನ್ನು ಕೇಳಿದ ಇಬ್ಬರು ವಿದ್ಯಾರ್ಥಿನಿಯರು ದೂರು ಕೊಟ್ಟರು. ಅಕ್ಟೋಬರ್ 18ರಂದು ಬರ್ಲಿನಿನ ಯೆಹೂದ್ಯರನ್ನು ಸಾಗಿಸುವ ಮೊದಲ ರೈಲು ಹೊರಟಿತು. ಆ ದಿನಗಳಲ್ಲಿ ನಗರದ ಮನೆಗಳಿಗೆ ಹೆಸರಿಲ್ಲದ ಒಂದು ಕರಪತ್ರ ಹಂಚಿದ್ದರು. ಯೆಹೂದ್ಯನಿಗೆ ಸ್ನೇಹದಿಂದ ಕೈ ನೀಡಿದವನೂ ದೇಶದ್ರೋಹಿ ಎಂಬುದು ಅದರ ಸಾರ. 23ರಂದು ಗುಪ್ತಪೊಲೀಸರು ಲಿಖ್ಟೆನ್‌ಬರ್ಗರನ್ನು ಬಂಧಿಸಿ ಮನೆ ಶೋಧಿಸಿದಾಗ, ಪೀಠದಿಂದ ಓದಲೆಂದು ಅವರು ಸಿದ್ಧಪಡಿಸಿದ್ದ ಪ್ರಕಟಣೆ ಸಿಕ್ಕಿತು. ಆ ಕರಪತ್ರದ ಮಾತಿಗೆ ದಾರಿ ತಪ್ಪಬೇಡಿರೆಂದೂ ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯಂತೆ ನಡೆಯಿರೆಂದೂ ಅದರಲ್ಲಿ ತಮ್ಮ ಜನರಿಗೆ ಹೇಳಿದ್ದರು. ಕೆಲವೇ ಸಾಲುಗಳು, ಗೋಡೆಪತ್ರದಷ್ಟೇ ಚಿಕ್ಕದು. ಲಿಖ್ಟೆನ್‌ಬರ್ಗರಿಗೆ ಎರಡು ವರ್ಷ ಸೆರೆಮನೆಯಾಯಿತು. ಬಳಿಕ ಡಾಖಾವ್ ಶಿಬಿರಕ್ಕೆ ಒಯ್ಯುವ ದಾರಿಯಲ್ಲಿ, 1943ರ ನವೆಂಬರ್ 5ರಂದು, ಹೋಫ್ ಎಂಬ ಊರಿನಲ್ಲಿ ತೀರಿಕೊಂಡರು. 1996ರಲ್ಲಿ ಅವರನ್ನು ಪುನೀತರ ಸಾಲಿಗೆ ಸೇರಿಸಲಾಯಿತು.

ಕ್ರಿಸ್ತರಾಜರ ಹಬ್ಬ ಆಗ ಅಕ್ಟೋಬರಿನ ಕೊನೆಯ ಭಾನುವಾರ ಬರುತ್ತಿತ್ತು. ಅವರನ್ನು ಹಿಡಿದ ವಾರದಲ್ಲಿ ಅದು 26ನೇ ತಾರೀಖು. ಅಂದು ಆ ಹಾಳೆ ಗುಪ್ತಪೊಲೀಸರ ಕಡತದಲ್ಲಿತ್ತು.